ಕಣ್ಣಿಗೆ ಕಾಣದ ನೀರು, ಮಾತು ಬಿಟ್ಟ ಅಣ್ಣತಮ್ಮ

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲೂಕಿನ ಒಂದು ಹಳ್ಳಿ. ಮಾವನಿಗೆ ನಾಲ್ಕು ಎಕರೆ, ಚಿಕ್ಕಮಾವನಿಗೆ ನಾಲ್ಕು ಎಕರೆ. ಇಬ್ಬರದೂ ಎರಡೆರಡು ಎಕರೆ ಅಡಿಕೆ ತೋಟ. ಬದುವಿನ ಮೇಲೆ ಹಳೇ ಬಾವಿ ಇದೆ. ಅದು ಇಬ್ಬರಿಗೂ ಸೇರಿದ್ದು ಅಂತ ಪಾಲುಪತ್ರದಲ್ಲಿದೆ, ಈಗ ಬತ್ತಿ ಕಸ ತುಂಬಿದೆ. ನಾವು ಕೊರೆಸಿದ ಮೂರು ಬೋರ್‌ಗಳಲ್ಲಿ ಎರಡು ಫೇಲ್. ಮೂರನೆಯದರಲ್ಲಿ ಎರಡಿಂಚು ನೀರಿತ್ತು. ಹೋದ ವರ್ಷ ಚಿಕ್ಕಮಾವ ಇನ್ನೂರು ಅಡಿ ದೂರದಲ್ಲಿ ಬೋರ್ ಹಾಕಿಸಿದರು, ಅವರಿಗೆ ಎರಡೂವರೆ ಇಂಚು ಬಿತ್ತು. ನಮ್ಮದು ಒಂದಿಂಚಿಗೆ ಇಳಿಯಿತು. ಅವತ್ತಿನಿಂದ ಅಣ್ಣತಮ್ಮ ಮಾತಾಡಿಲ್ಲ. ಚಿಕ್ಕತ್ತೆ ಮಾತ್ರ ಹಿತ್ತಲ ಬಾಗಿಲಿಂದ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಾರೆ. ಬೆಂಗಳೂರಿನಲ್ಲಿರುವ ಮೈದುನ ಮೊಬೈಲ್ ಸ್ಟಾರ್ಟರ್ ಹಾಕಿಸಿ ಅಲ್ಲಿಂದಲೇ ಮೋಟರ್ ಆನ್ ಮಾಡುತ್ತಾನೆ. ಈಗ ಸಾವಿರ ಅಡಿ ಕೊರೆಸೋಣ, ಅದಕ್ಕೆ ನನ್ನ ಒಡವೆ ಅಡ ಇಡೋಣ ಅನ್ನುತ್ತಿದ್ದಾನೆ. ಮಾವ ಏನೂ ಹೇಳುತ್ತಿಲ್ಲ. ಈ ಮೆಷಿನ್‌ಗಳು ಬಂದು ನಮ್ಮ ಮನೆ ಕೆಟ್ಟಿತಾ? ಏನು ಮಾಡಲಿ?

ಉತ್ತರ: ಮೊದಲು ಒಡವೆಯ ಮಾತು ಮುಗಿಸಿಬಿಡೋಣ ತಾಯಿ. ಇಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಆದರೆ ಈ ಪತ್ರ ಓದುವ ಹೊತ್ತಿಗೆ ಬೋರ್ ಲಾರಿಯವರಿಗೆ ಅಡ್ವಾನ್ಸ್ ಹೋಗಿರಬಾರದು ಅಂತ ಇದನ್ನೇ ಮೇಲೆ ಬರೆದೆ.

ನಾನು ಅಂತರ್ಜಲದ ಕೆಲಸದಲ್ಲಿ ಮೂವತ್ತು ವರ್ಷ ಚಿತ್ರದುರ್ಗ, ದಾವಣಗೆರೆ ಸೀಮೆ ಸುತ್ತಿದ್ದೇನೆ. ಶುರು ಮಾಡಿದಾಗ ಎರಡೂ ಒಂದೇ ಜಿಲ್ಲೆ, 1997ರಲ್ಲಿ ಬೇರೆಯಾದವು. ಜಗಳೂರು, ಹೊಸದುರ್ಗ, ಚಳ್ಳಕೆರೆ, ನಿಮ್ಮ ಹೊಳಲ್ಕೆರೆ, ಎಲ್ಲಿ ಹೋದರೂ ನಿಮ್ಮ ಮನೆಯಂಥ ಮನೆ ಒಂದಾದರೂ ಸಿಗುತ್ತಿತ್ತು. ಒಂದೇ ತಾಯಿ ಮಕ್ಕಳು, ಒಂದೇ ಬದು, ನಡುವೆ ಒಂದು ಬೋರ್. ಹಾಗಾಗಿ ನಿಮ್ಮ ಪತ್ರ ನನಗೆ ಹೊಸದಲ್ಲ. ಆದರೂ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಮೆಷಿನ್ ಬಂದು ಮನೆ ಕೆಟ್ಟಿತಾ ಅಂತ ಕೇಳಿದ್ದೀರಿ. ನನ್ನ ಅನುಭವದಲ್ಲಿ ಮನೆ ಕೆಡಿಸುವುದು ಮೆಷಿನ್ ಅಲ್ಲ. ಆ ಮೆಷಿನ್ ಬಂದ ಮೇಲೆ ನೀರು ಕಣ್ಣಿಗೆ ಕಾಣದ ಹಾಗಾಯಿತು, ಅದು ಕೆಡಿಸುತ್ತದೆ.

ನಿಮ್ಮ ಬದುವಿನ ಬಾವಿಯನ್ನೇ ನೆನೆಸಿಕೊಳ್ಳಿ. ನಿಮ್ಮ ಮಾವನ ಅಪ್ಪನ ಕಾಲದಲ್ಲಿ ಅಲ್ಲಿ ಕಪಿಲೆ ಇದ್ದಿರಬೇಕು. ಎತ್ತು ಹಿಂದಕ್ಕೆ ಮುಂದಕ್ಕೆ ನಡೆದು ಬಾನಿಯಲ್ಲಿ ನೀರು ಎಳೆಯುತ್ತಿದ್ದವು. ಬೆಳಗಿನ ಪಾಳಿ ಒಬ್ಬರದು, ಸಂಜೆಯ ಪಾಳಿ ಇನ್ನೊಬ್ಬರದು. ಬಾವಿಗೆ ಬಗ್ಗಿ ನೋಡಿದರೆ ಎಷ್ಟು ಮೆಟ್ಟಿಲು ಮುಳುಗಿದೆ ಅಂತ ಮಗುವಿಗೂ ಗೊತ್ತಾಗುತ್ತಿತ್ತು. ಎರಡು ಮೆಟ್ಟಿಲು ಇಳಿದರೆ ಇಬ್ಬರೂ ಕೈ ಬಿಗಿ ಹಿಡಿಯುತ್ತಿದ್ದರು. ಒಬ್ಬ ಜಾಸ್ತಿ ಎಳೆದರೆ ಇನ್ನೊಬ್ಬನ ಕಣ್ಣಿಗೆ ಬೀಳುತ್ತಿತ್ತು. ಜಗಳ ಇರಲಿಲ್ಲ ಅಂತಲ್ಲ. ಜಗಳ ಆದರೂ ಎದುರಿಗೆ ನೀರಿತ್ತು, ಬೊಟ್ಟು ಮಾಡಿ ತೋರಿಸಬಹುದಿತ್ತು. ಕೆರೆ ನೀರಿಗೂ ಹೀಗೇ ನೀರಗಂಟಿ ಇದ್ದ. ತೂಬು ಯಾವತ್ತು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಅವನ ಕೈಯಲ್ಲಿತ್ತು. ಅವನ ಮಾತು ನಡೆಯುತ್ತಿದ್ದದ್ದೂ ಊರವರೆಲ್ಲ ಕೆರೆ ನೋಡುತ್ತಿದ್ದರು ಅನ್ನುವ ಕಾರಣಕ್ಕೇ.

ಬೋರಲ್ಲಿ ಇದೊಂದೂ ಇಲ್ಲ. ಆರೂವರೆ ಇಂಚಿನ ತೂತು, ಅದರ ಮೇಲೊಂದು ಮುಚ್ಚಳ. ಕೆಳಗೆ ಎಷ್ಟು ನೀರಿದೆ, ಎಲ್ಲಿಂದ ಬರುತ್ತಿದೆ, ಯಾರದು ಯಾರಿಗೆ ಹೋಗುತ್ತಿದೆ, ಯಾರಿಗೂ ಕಾಣದು. ಪಂಪ್‌ಸೆಟ್ಟಿಗೆ ಮೀಟರ್ ಓದುವ ಅಭ್ಯಾಸವೂ ತಪ್ಪಿದೆ. 2008ರಿಂದ 10 ಎಚ್‌ಪಿವರೆಗಿನ ಮೋಟರ್‌ಗೆ ಕರೆಂಟ್ ಉಚಿತ. ರೈತನಿಗೆ ಅದರಿಂದ ಉಪಕಾರವಾಗಿದೆ, ನಾನು ಅದರ ವಿರೋಧಿಯಲ್ಲ. ಆದರೆ ಬಿಲ್ಲಿನಲ್ಲಾದರೂ ಕಾಣಬಹುದಾಗಿದ್ದ ಲೆಕ್ಕ ಮರೆಯಾಯಿತು. ಕಾಣದಿದ್ದಾಗ ಮನಸ್ಸು ಅನುಮಾನ ತುಂಬಿಕೊಳ್ಳುತ್ತದೆ. ‘ಅವನು ಬೇಕಂತಲೇ ನನ್ನ ನೀರು ಎಳೆದ’ ಅಂತ ನಿಮ್ಮ ಮಾವನಿಗೆ ಅನ್ನಿಸಿರಬೇಕು. ‘ನನ್ನ ಹೊಲದಲ್ಲಿ ನಾನು ಕೊರೆಸಿದರೆ ಇವನಿಗೇನು’ ಅಂತ ಚಿಕ್ಕಮಾವನಿಗೆ. ಇಬ್ಬರ ಮಾತಿಗೂ ಪುರಾವೆ ಇಲ್ಲ. ಪುರಾವೆ ಇಲ್ಲದ ಜಗಳ ಮುಗಿಯುವುದು ಕಷ್ಟ.

ಹಳೇ ಬಾವಿಯ ಕಾಲವನ್ನು ಚಿನ್ನದ ಕಾಲ ಅಂತ ನಾನು ಹೇಳುವುದಿಲ್ಲ. ಊರ ಬಾವಿಗೆ ಕೆಲವು ಕೇರಿಯವರನ್ನು ಸೇರಿಸುತ್ತಿರಲಿಲ್ಲ. ಹೆಣ್ಣುಮಕ್ಕಳು ಕೊಡ ಹಿಡಿದು ದೂರದಲ್ಲಿ ಕಾದು, ಯಾರಾದರೂ ಮನಸ್ಸು ಮಾಡಿ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೇನೆ. 1966-67ರ ಬಿಹಾರದ ಬರದ ಹೊತ್ತಲ್ಲಿ ಯುನಿಸೆಫ್ ಗಟ್ಟಿ ಕಲ್ಲು ಕೊರೆಯುವ ರಿಗ್‌ಗಳನ್ನು ದೇಶಕ್ಕೆ ತರಿಸಿತು. ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೈಪಂಪು ಬಂತು, ನಮ್ಮ ಜನ ‘ಬೋರಿಂಗ್’ ಅನ್ನುವುದು ಅದನ್ನೇ. ಆ ಕೇರಿಗಳಲ್ಲೂ ಬೋರಿಂಗ್ ಬಂತು. ಇನ್ನೊಬ್ಬರ ಮನಸ್ಸಿಗೆ ಕಾಯದೆ ಕೊಡ ತುಂಬಿತು. ಅವತ್ತು ಅದೇ ತಂತ್ರಜ್ಞಾನ ಎಷ್ಟೋ ಮನೆಗಳಿಗೆ ಮರ್ಯಾದೆ ತಂದುಕೊಟ್ಟಿತು. ಅದನ್ನು ಮರೆತು ‘ಬೋರ್ ಬಂದು ಊರು ಹಾಳಾಯಿತು’ ಅನ್ನುವುದು ನ್ಯಾಯ ಅಲ್ಲ.

ಈಗ ನಿಮ್ಮ ಹೊಲದ ವಿಚಾರ. ಇಲ್ಲಿ ಸ್ವಲ್ಪ ಲೆಕ್ಕ ಇದೆ. ನಿಧಾನವಾಗಿ ಓದಿ, ಸಾಧ್ಯವಾದರೆ ಮಾವನಿಗೂ ಓದಿ ಹೇಳಿ.

ಎರಡಿಂಚು ಒಂದಿಂಚಾಯಿತು ಅಂದರೆ ಅರ್ಧ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಬೋರ್ ಲಾರಿಯವರು ವಿ ಆಕಾರದ ಕಚ್ಚಿನಲ್ಲಿ ನೀರು ಹರಿಸಿ ಅದರ ಎತ್ತರವನ್ನು ಇಂಚಿನಲ್ಲಿ ಹೇಳುತ್ತಾರೆ. ಎತ್ತರ ಹೆಚ್ಚಿದಂತೆ ಕಚ್ಚು ಅಗಲವೂ ಆಗುತ್ತದಲ್ಲ? ಅದಕ್ಕೇ ಎರಡಿಂಚು ಅಂದರೆ ಗಂಟೆಗೆ ಹೆಚ್ಚುಕಡಿಮೆ 3,000 ಲೀಟರ್. ಒಂದಿಂಚು ಅಂದರೆ ಬರೀ 500 ಲೀಟರ್. ನಿಮ್ಮ ಬೋರ್ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಕಳೆದುಕೊಂಡಿದೆ. ನಿಮ್ಮ ಮಾವ ಬಾಯಿ ಬಿಡದೆ ಕೂತಿರುವುದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ. ತೋಟ ಒಣಗುವುದನ್ನು ಅವರು ದಿನಾ ನೋಡುತ್ತಿದ್ದಾರೆ. ಚಿಕ್ಕಮಾವನ ಎರಡೂವರೆ ಇಂಚು ಗಂಟೆಗೆ 5,000 ಲೀಟರ್.

ಒಂದು ಎಕರೆಗೆ ಒಂಬತ್ತು ಅಡಿ ಅಂತರದಲ್ಲಿ ಸುಮಾರು 540 ಅಡಿಕೆ ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಒಂದು ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 10,000 ಲೀಟರ್ ಅಂತ ಹಿಡಿಯೋಣ. ನಿಮ್ಮ ಎರಡೂ ಮನೆಯ ನಾಲ್ಕು ಎಕರೆ ತೋಟಕ್ಕೆ ದಿನಕ್ಕೆ 40,000. ಏಳು ಗಂಟೆ ತ್ರೀಫೇಸ್ ಸಿಕ್ಕರೆ ಚಿಕ್ಕಮಾವನ ಬೋರ್ 35,000 ಕೊಡುತ್ತದೆ, ನಿಮ್ಮದು 3,500. ಕೂಡಿಸಿ ನೋಡಿ, 38,500. ಸೋಗೆ ಸಿಪ್ಪೆಯನ್ನು ಸುಡದೆ ಗಿಡದ ಬುಡಕ್ಕೆ ಮುಚ್ಚಿದರೆ ಆ ಕೊರತೆಯೂ ತುಂಬುತ್ತದೆ. ಅಂದರೆ ಎರಡು ಮನೆಯ ತೋಟ ಉಳಿಯುವಷ್ಟು ನೀರು ಇವತ್ತು ನಿಮ್ಮ ನೆಲದಿಂದ ಮೇಲೆ ಬರುತ್ತಿದೆ. ಅದು ಒಂದು ಪೈಪಿನಲ್ಲಿ ಜಾಸ್ತಿ ಬರುತ್ತಿದೆ, ಇನ್ನೊಂದರಲ್ಲಿ ಕಡಿಮೆ. ಚಿಕ್ಕಮಾವನಿಗೆ ಬೇಕಾದ್ದು 20,000. ಉಳಿದ 15,000 ಎಲ್ಲಿ ಹೋಗುತ್ತಿದೆ? ಬಹುಶಃ ಅವರ ತೋಟದಲ್ಲೇ ಸುಮ್ನೆ ಹರಿಯುತ್ತಿದೆ. ಅಡಿಕೆಯ ಬುಡದಲ್ಲಿ ನೀರು ನಿಂತರೆ ಗಿಡಕ್ಕೂ ಒಳ್ಳೆಯದಲ್ಲ.

ಸಾವಿರ ಅಡಿಯ ವಿಚಾರ ಈಗ ಹೇಳುತ್ತೇನೆ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಮೇಲೆ ಕೊಳೆತ ಕಲ್ಲಿನ ಪದರ, ಅದರ ಕೆಳಗೆ ಬಂಡೆ. ಬಂಡೆಯಲ್ಲಿ ಅಲ್ಲಲ್ಲಿ ಸೀಳು. ಬೋರಿನವರು ‘ಗ್ಯಾಪ್ ಸಿಕ್ತು’ ಅನ್ನುವುದು ಆ ಸೀಳಿಗೆ. ನೀರು ಇರುವುದು ಅಲ್ಲಿ ಮಾತ್ರ. ಕೆಳಗೆ ಹೋದಂತೆ ಬಂಡೆಯ ಭಾರಕ್ಕೆ ಸೀಳುಗಳು ಮುಚ್ಚಿಕೊಳ್ಳುತ್ತವೆ. 600-700 ಅಡಿಯ ಕೆಳಗೆ ಒಳ್ಳೆಯ ಗ್ಯಾಪ್ ಸಿಗುವುದು ಬಹಳ ಅಪರೂಪ. ಸಿಕ್ಕರೂ ಅದು ಹಳೇ ನೀರು, ಹೋದ ವರ್ಷದ ಮಳೆಯದಲ್ಲ, ಎತ್ತಿದ ಮೇಲೆ ಬೇಗ ತುಂಬುವುದಿಲ್ಲ. ಕಲ್ಲಿನ ಜೊತೆ ಬಹುಕಾಲ ಇದ್ದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆಯೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡಿರುತ್ತೀರಿ. ಹೆಣ್ಣು ನೋಡಲು ಬಂದವರು ‘ಯಾವೂರ ನೀರು ಕುಡಿದದ್ದು’ ಅಂತ ಕೇಳಿದ್ದನ್ನು ನಾನು ಜಗಳೂರು ಕಡೆ ಕೇಳಿದ್ದೇನೆ. ಆ ಹುಡುಗಿ ತಲೆ ತಗ್ಗಿಸಿದ್ದು ಇನ್ನೂ ನೆನಪಿದೆ.

ಸಾವಿರ ಅಡಿ ಕೊರೆಸಿ, ಕೇಸಿಂಗ್, ಪೈಪು, ಕೇಬಲ್, ದೊಡ್ಡ ಮೋಟರ್ ಎಲ್ಲ ಸೇರಿದರೆ ಖರ್ಚು ಲಕ್ಷಗಳಲ್ಲಿ. ಲಾರಿಯವರಿಗೆ ನೀರು ಬಂದರೂ ದುಡ್ಡು, ದೂಳು ಬಂದರೂ ದುಡ್ಡು. ಕೊರೆದ ದಿನ ಕಂಪ್ರೆಸರ್ ಗಾಳಿಗೆ ಚಿಮ್ಮುವ ನೀರನ್ನು ನೋಡಿ ಖುಷಿಯಿಂದ ಕಾಯಿ ಒಡೆಯುತ್ತೇವೆ. ಅದು ಸೀಳಿನಲ್ಲಿ ಕೂಡಿಟ್ಟ ನೀರು. ಆರು ತಿಂಗಳ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದೇ ನಿಜವಾದ ಇಳುವರಿ. ತೆಂಗಿನಕಾಯಿ ಎದ್ದು ನಿಂತಿತು, ಕವೆಕಡ್ಡಿ ತಿರುಗಿತು ಅನ್ನುವವರ ಮಾತಿಗೆ ಹೆಣ್ಣುಮಕ್ಕಳ ಒಡವೆ ಕಳೆದದ್ದನ್ನು ನಾನು ಎಷ್ಟು ನೋಡಿದ್ದೇನೆ ಅಂದರೆ, ಆ ಲೆಕ್ಕ ಬಿಟ್ಟುಬಿಟ್ಟಿದ್ದೇನೆ. ನೆಲದೊಳಗನ್ನು ಪರೀಕ್ಷಿಸುವ ಯಂತ್ರ ಇಟ್ಟು ನಾನೇ ಗುರುತು ಮಾಡಿಕೊಟ್ಟ ಜಾಗದಲ್ಲೂ ದೂಳು ಬಂದದ್ದಿದೆ. ಬಂಡೆಯ ಒಳಗನ್ನು ಖಾತ್ರಿಯಾಗಿ ಹೇಳುವವರು ಯಾರೂ ಇಲ್ಲ.

ಒಡವೆ ಇಡಬೇಡಿ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ನೀವು ಸಾವಿರ ಅಡಿಗೆ ಹೋದರೆ ಚಿಕ್ಕಮಾವ ಸಾವಿರದ ಇನ್ನೂರಕ್ಕೆ ಹೋಗುತ್ತಾರೆ. ಕೆಳಗಿನ ಸೀಳು ಇಬ್ಬರಿಗೂ ಒಂದೇ ಇರಬಹುದು. ಆಗ ಎರಡು ಮನೆಯ ಒಡವೆಯೂ ಹೋಗಿ ನೀರು ಅಷ್ಟೇ ಇರುತ್ತದೆ.

ಈಗ ಮಾಡಬೇಕಾದ ಕೆಲಸ. ನೀರನ್ನು ಮತ್ತೆ ಕಣ್ಣಿಗೆ ಕಾಣುವಂತೆ ಮಾಡಿ.

ಇನ್ನೂರು ಲೀಟರಿನ ಒಂದು ಡ್ರಮ್ ಸಾಕು. ಮೋಟರ್ ಹಾಕಿ ಅರ್ಧ ಗಂಟೆ ಬಿಟ್ಟು ಪೈಪಿನ ಬಾಯಿಗೆ ಡ್ರಮ್ ಇಡಿ. ತುಂಬಲು ಎಷ್ಟು ಹೊತ್ತಾಯಿತು ಅಂತ ಮೊಬೈಲಿನಲ್ಲಿ ನೋಡಿ. ಎರಡೂವರೆ ಇಂಚಾದರೆ ಎರಡೂವರೆ ನಿಮಿಷದೊಳಗೆ ತುಂಬುತ್ತದೆ. ಎರಡಿಂಚಿಗೆ ನಾಲ್ಕು ನಿಮಿಷದ ಮೇಲೆ. ಒಂದಿಂಚಾದರೆ ಇಪ್ಪತ್ತು ನಿಮಿಷ ದಾಟುತ್ತದೆ. ಅಮಾವಾಸ್ಯೆಯ ದಿನ ಹೇಗೂ ಬೇಸಾಯ ಹೂಡುವುದಿಲ್ಲ, ಬಿಡುವಿರುತ್ತದೆ. ಪ್ರತಿ ಅಮಾವಾಸ್ಯೆ ಎರಡೂ ಬೋರಿನಲ್ಲಿ ಹೀಗೆ ಅಳೆದು ಮೋಟರ್ ಮನೆಯ ಗೋಡೆ ಮೇಲೆ ಬರೆಯಿರಿ. ಪುಸ್ತಕದಲ್ಲಿ ಬರೆದರೆ ಒಬ್ಬರಿಗೆ ಕಾಣುತ್ತದೆ, ಗೋಡೆ ಮೇಲೆ ಬರೆದರೆ ಇಬ್ಬರಿಗೂ ಕಾಣುತ್ತದೆ.

ಎರಡನೆಯದು, ನಿಮ್ಮ ಬೋರಿನ ನೀರು ಇಳಿದದ್ದು ನಿಜವಾಗಿ ಚಿಕ್ಕಮಾವನ ಬೋರಿನಿಂದಲೇನಾ ಅಂತ ನೋಡಬೇಕು. ಇನ್ನೂರು ಅಡಿ ದೂರ ಅಂದರೆ ಅನುಮಾನ ಸಹಜ. ಆದರೂ ಪರೀಕ್ಷೆ ಮಾಡದೆ ಹೇಳಬಾರದು. ಒಂದು ರಾತ್ರಿ ಎರಡೂ ಮೋಟರ್ ನಿಲ್ಲಿಸಿ. ಬೆಳಗ್ಗೆ ನಿಮ್ಮ ಬೋರಿನಲ್ಲಿ ನೀರು ಎಷ್ಟು ಅಡಿಯಲ್ಲಿದೆ ಅಂತ ಅಳೆಯಿಸಿ. ಆಮೇಲೆ ಅವರ ಮೋಟರ್ ಮಾತ್ರ ಓಡಿಸಿ, ಗಂಟೆಗೊಮ್ಮೆ ನಿಮ್ಮದರಲ್ಲಿ ಅಳೆಯಿರಿ. ನೀರು ಇಳಿಯುತ್ತಾ ಹೋದರೆ ಎರಡಕ್ಕೂ ಒಂದೇ ಸೀಳು. ಇಳಿಯದಿದ್ದರೆ ಚಿಕ್ಕಮಾವನ ಮೇಲೆ ಒಂದು ವರ್ಷದಿಂದ ಹೊರಿಸಿದ ತಪ್ಪು ಅವರದಲ್ಲ, ನಿಮ್ಮ ಬೋರಿಗೆ ಬೇರೆ ಏನೋ ಆಗಿದೆ. ಈ ಪರೀಕ್ಷೆಗೆ ಎರಡೂ ಮನೆಯವರು ಬೇಕೇ ಬೇಕು. ಕೊಳವೆಯೊಳಗೆ ಕೇಬಲ್, ಪೈಪು ಇರುವುದರಿಂದ ಅಳತೆಯನ್ನು ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಕೇಳಿ ನೋಡಿ.

ಇದು ಬರೀ ನನ್ನ ಕಲ್ಪನೆಯಲ್ಲ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿಗೆ ಅಂಟಿಕೊಂಡೇ ಅನಂತಪುರ ಇದೆ, ನಮಗಿಂತ ಒಣ ಸೀಮೆ. ಅಲ್ಲಿಯೂ ಸೇರಿ ಆಂಧ್ರದ ಏಳು ಜಿಲ್ಲೆಗಳಲ್ಲಿ 2000ದ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಒಂದು ಕೆಲಸ ನಡೆಯಿತು. ಮಳೆ ಎಷ್ಟು ಬಂತು, ಬೋರಿನ ನೀರು ಎಷ್ಟು ಅಡಿಯಲ್ಲಿದೆ ಅಂತ ರೈತರೇ ಅಳೆದರು. ಹೆಂಗಸರೂ ಅಳೆದರು. ಹಿಂಗಾರು ಬಿತ್ತನೆಗೆ ಮೊದಲು ಊರವರು ಕೂತು ಇರುವ ನೀರಿಗೆ ಯಾವ ಬೆಳೆ ಅಂತ ಲೆಕ್ಕ ಹಾಕಿದರು. ಹೀಗೇ ಬೆಳೆಯಬೇಕು ಅಂತ ಯಾರನ್ನೂ ಒತ್ತಾಯ ಮಾಡಲಿಲ್ಲ. ಲೆಕ್ಕ ಎದುರಿಗೆ ಕಂಡದ್ದಕ್ಕೇ ಎಷ್ಟೋ ರೈತರು ಭತ್ತದಂಥ ಬೆಳೆ ಕಡಿಮೆ ಮಾಡಿದರು. ಊರಿಗೆ ಊರೇ ಮಾಡಿದ್ದನ್ನು ಎರಡು ಮನೆ ಮಾಡಬಹುದು ಅಲ್ವಾ?

ಕಾನೂನಿನ ದಾರಿ ಕೇಳಿಲ್ಲ ನೀವು, ಆದರೂ ಮನೆಯಲ್ಲಿ ಯಾರಾದರೂ ಕೋರ್ಟು ಅಂದಿರುತ್ತಾರೆ. 1882ರ ಈಸ್‌ಮೆಂಟ್ ಕಾಯ್ದೆ ಹೊಲದವನಿಗೆ ತನ್ನ ನೆಲದ ಕೆಳಗಿನ ನೀರು ತೆಗೆಯುವ ಹಕ್ಕು ಕೊಟ್ಟಿದೆ. ಅದು ಕಪಿಲೆ ಕಾಲದ ಕಾನೂನು. ಎತ್ತು ಎಷ್ಟು ಎಳೆದೀತು? ಸಬ್‌ಮರ್ಸಿಬಲ್ ಬರುತ್ತದೆ ಅಂತ ಬರೆದವರಿಗೆ ಗೊತ್ತಿರಲಿಲ್ಲ. ಈಗ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ತಾಲೂಕಿನಲ್ಲಿ, ಅಂದರೆ ಆ ಕಾಯ್ದೆಯಡಿ ಸರ್ಕಾರ ಗುರುತಿಸಿದ ತಾಲೂಕಿನಲ್ಲಿ, ಹೊಸ ಬೋರಿಗೆ ಅನುಮತಿ ಬೇಕು. ಚಿಕ್ಕಮಾವನಿಗೆ ಹೇಳುವ ಮೊದಲು ಒಂದು ಮಾತು: ಮೈದುನನ ಸಾವಿರ ಅಡಿಗೂ ಅದೇ ಅನುಮತಿ ಬೇಕು. ಕೋರ್ಟಿಗೆ ಹೋದರೆ ತೋಟ ಒಣಗುವುದಕ್ಕೆ ಮುಂಚೆ ತೀರ್ಪು ಬರುವುದಿಲ್ಲ.

ಮೂರನೆಯದು ಆ ಹಳೇ ಬಾವಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಪಾಲಾದ ಮೇಲೂ ಕಾಗದದ ಮೇಲೆ ಇಬ್ಬರಿಗೂ ಸೇರಿರುವುದು ಆ ಬಾವಿ ಒಂದೇ. ಕಸ ತೆಗೆಸಿ. ಮಳೆಗಾಲದಲ್ಲಿ ಎರಡೂ ಹೊಲದ ನೀರನ್ನು ಮೊದಲು ಒಂದು ಗುಂಡಿಗೆ ಬಿಡಿ, ಅಲ್ಲಿ ಮಣ್ಣು ತಂಗಲಿ. ಆಮೇಲೆ ಜಲ್ಲಿ, ಮರಳಿನ ಮೂಲಕ ಸೋಸಿ ಬಾವಿಗೆ ಬಿಡಿ. ಔಷಧಿ ಹೊಡೆದ ಹೊಲದ ಮೊದಲ ಮಳೆ ನೀರು, ಕೊಟ್ಟಿಗೆ ನೀರು ಬೇಡ. ಎಷ್ಟು ಇಂಗುತ್ತದೆ? ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಇಟ್ಟುಕೊಂಡರೆ ಒಂದು ಎಕರೆ ಮೇಲೆ 24 ಲಕ್ಷ ಲೀಟರ್ ಬೀಳುತ್ತದೆ. ನಮ್ಮ ನೆಲದಲ್ಲಿ ತಾನಾಗಿ ಕೆಳಗಿಳಿಯುವುದು ಅದರಲ್ಲಿ ಹತ್ತರಲ್ಲೊಂದು ಪಾಲು. ನಿಮ್ಮ ಎಂಟು ಎಕರೆಗೆ 19 ಲಕ್ಷ. ನಾಲ್ಕು ಎಕರೆ ಅಡಿಕೆ ಆರು ತಿಂಗಳಲ್ಲಿ ಕುಡಿಯುವುದು 72 ಲಕ್ಷ. ನಾಲ್ಕು ಪಟ್ಟು ಹತ್ತಿರ! ಉಳಿದದ್ದು ಅಕ್ಕಪಕ್ಕದವರ ಹೊಲದ ಕೆಳಗಿಂದ ಬರುತ್ತಿದೆ. ಅವರೂ ಅಡಿಕೆ ಹಾಕಿದರೆ? ಜಿಲ್ಲೆಯ ಹಲವು ತಾಲೂಕುಗಳು ವರ್ಷಗಳಿಂದ ಅತಿಬಳಕೆಯ ಪಟ್ಟಿಯಲ್ಲಿರುವುದು ಇದಕ್ಕೇ. ಹಾಗಾಗಿ ಇನ್ನೊಂದು ಗಿಡವನ್ನೂ ಹೆಚ್ಚಿಗೆ ನೆಡಬೇಡಿ. ಉಳಿದ ನೆಲದಲ್ಲಿ ರಾಗಿ, ಅವರೆ, ತೊಗರಿ ಇರಲಿ.

ಭದ್ರಾ ಮೇಲ್ದಂಡೆ ಬರುತ್ತದಲ್ಲ ಅಂತ ಮಾವ ಕೇಳಬಹುದು. 2,25,515 ಹೆಕ್ಟೇರಿಗೆ ಹನಿ ನೀರಾವರಿಯಲ್ಲಿ ನೀರು ಕೊಡುವ ಯೋಜನೆ ಅದು. 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಕೊಡುವುದಾಗಿ ಹೇಳಿದ್ದರು. ಬರಲಿ ಅಂತ ನಾನೂ ಕಾಯುತ್ತಿದ್ದೇನೆ. ಆದರೆ ಆ ನೀರೂ ಒಂದು ಪೈಪಿನಿಂದ ಹತ್ತಾರು ಹೊಲಕ್ಕೆ ಹಂಚಿಕೊಳ್ಳುವಂಥದ್ದು. ಪಾಳಿ ಮರೆತವರು ಅವತ್ತು ಮತ್ತೆ ಕಲಿಯಬೇಕು.

ಮೊಬೈಲ್ ಸ್ಟಾರ್ಟರ್ ಕೆಟ್ಟದ್ದಲ್ಲ. ನಡುರಾತ್ರಿ ಕರೆಂಟಿಗೆ ಬ್ಯಾಟರಿ ಹಿಡಿದು ಹೋಗಿ ಹಾವು ತುಳಿದವರು ನಮ್ಮ ಸೀಮೆಯಲ್ಲಿ ಕಡಿಮೆಯೇ? ಆ ಭಯ ತಪ್ಪಿಸಿತು, ಅದಕ್ಕೆ ನಿಮ್ಮ ಮೈದುನನನ್ನು ಮೆಚ್ಚಬೇಕು. ದೂರದಲ್ಲಿದ್ದರೂ ತೋಟದ ಚಿಂತೆ ಇದೆ ಆ ಹುಡುಗನಿಗೆ. ಆದರೆ ಒಂದು ವಿಷಯ ಅವನ ಗಮನಕ್ಕೆ ಬಂದಿಲ್ಲ. ಮೋಟರ್ ಹಾಕುವುದು, ನಿಲ್ಲಿಸುವುದು ನಿಮ್ಮ ಮಾವನ ದಿನದ ಕೆಲಸವಾಗಿತ್ತು. ಹೊಲಕ್ಕೆ ಹೋದಾಗ ತಮ್ಮನ ಮುಖ ಕಾಣುತ್ತಿತ್ತು, ಟಿಸಿ ಕಂಬದ ಹತ್ತಿರ ನಾಲ್ಕು ಮಾತಾಗುತ್ತಿತ್ತು. ಈಗ ಮೋಟರ್ ತಾನಾಗಿ ಓಡುತ್ತದೆ, ಅವರು ಜಗುಲಿ ಮೇಲೆ ಕೂತಿರುತ್ತಾರೆ. ನೀರಿನ ಮೇಲಿನ ಯಜಮಾನಿಕೆಯೂ ಹೋಯಿತು, ತಮ್ಮನೂ ಹೋದ. ಅವರು ಸುಮ್ಮನಿರುವುದರ ಅರ್ಧ ಕಾರಣ ಇದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಸ್ಟಾರ್ಟರಿಗೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ನಂಬರ್ ಸೇರಿಸಬಹುದು. ಮಾವನ ನಂಬರ್ ಸೇರಿಸಿ. ಮೈದುನ ಆನ್ ಮಾಡುವ ಮುಂಚೆ ಅಪ್ಪನಿಗೆ ಫೋನ್ ಮಾಡಿ ಕೇಳಲಿ. ಇನ್ನೊಂದು, ನೀರು ಕಡಿಮೆಯಾದಾಗ ಮೋಟರ್ ತಾನೇ ನಿಲ್ಲುವ ವ್ಯವಸ್ಥೆ ಇದೆಯಾ ನೋಡಿಸಿ. ಒಂದಿಂಚಿನ ಬೋರಿನಲ್ಲಿ ಅದಿಲ್ಲದೆ ದೂರದಿಂದ ಓಡಿಸಿದರೆ ಮೋಟರ್ ಸುಟ್ಟುಹೋಗುತ್ತದೆ.

ಇನ್ನು ಚಿಕ್ಕಮಾವನನ್ನು ಕೇಳುವವರು ಯಾರು? ಗಂಡಸರು ಕೇಳಿದರೆ ಮಾತು ಬೋರಿಂದ ಶುರುವಾಗಿ ಪಾಲಿನ ದಿನಕ್ಕೆ ಹೋಗುತ್ತದೆ. ನೀವು ಮತ್ತು ಚಿಕ್ಕತ್ತೆ ಶುರು ಮಾಡಿ. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುವವರ ಮನೆಯಲ್ಲಿ ಹಟ ಪೂರ್ತಿ ಗಟ್ಟಿಯಾಗಿಲ್ಲ. ‘ನಿಮ್ಮ ನೀರು ಕೊಡಿ’ ಅಂತ ಕೇಳಬೇಡಿ. ಬಾವಿಯ ಕಸ ತೆಗೆಸೋಣ, ಖರ್ಚು ಅರ್ಧರ್ಧ ಅಂತ ಕೇಳಿ. ಅದಕ್ಕೆ ಇಲ್ಲ ಅನ್ನಲು ಯಾರಿಗೂ ಕಾರಣ ಸಿಗುವುದಿಲ್ಲ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜನ ಜಾತ್ರೆಗೆ ಬಂದಂತೆ ಬಂದದ್ದು ನೆನಪಿದೆಯಾ? ನಾನೂ ಹೋಗಿದ್ದೆ. ಅದರ ನೀರು ಹಾಯದ ಊರುಗಳವರೂ ಬುತ್ತಿ ಕಟ್ಟಿಕೊಂಡು ಬಂದು ನಿಂತು ನೋಡುತ್ತಿದ್ದರು. ನಿಮ್ಮ ಬಾವಿಯಲ್ಲಿ ಎರಡು ಮೆಟ್ಟಿಲು ನೀರು ನಿಂತರೂ ಸಾಕು, ಅಣ್ಣತಮ್ಮ ಇಬ್ಬರೂ ಬಗ್ಗಿ ನೋಡುತ್ತಾರೆ.

ಬಾವಿ ಆದ ಮೇಲೆ ಪೈಪಿನ ಮಾತೆತ್ತಿ. ಚಿಕ್ಕಮಾವನ ಬೋರಿಂದ ನಿಮ್ಮ ತೋಟಕ್ಕೆ ಇನ್ನೂರು ಅಡಿ ಪೈಪು, ಒಂದು ಗೇಟ್ ವಾಲ್ವ್. ಅದರ ಖರ್ಚು ಪೂರ್ತಿ ನಿಮ್ಮದು. ದಿನಕ್ಕೆ ಮೂರು ಗಂಟೆ ನಿಮ್ಮ ಪಾಳಿ. ಅವರ ಮೋಟರ್ ಸುಟ್ಟರೆ ರಿಪೇರಿ ಖರ್ಚಿನಲ್ಲಿ ನಿಮ್ಮದೂ ಪಾಲು. ಇದನ್ನೆಲ್ಲ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಲಿ, ಮುಂದೆ ಮಕ್ಕಳ ಕಾಲಕ್ಕೆ ಬೇಕಾಗುತ್ತದೆ.

ಒಂದು ತುರ್ತಿನ ಕೆಲಸ ಮರೆಯಬೇಡಿ. ಫೇಲ್ ಆದ ಆ ಎರಡು ಬೋರಿನ ಬಾಯಿ ಮುಚ್ಚಿದ್ದೀರಾ? ಗೋಣಿಚೀಲ, ಕಲ್ಲು ಇಟ್ಟದ್ದು ಮುಚ್ಚಿದಂತಲ್ಲ. ಮಣ್ಣು ಕಲ್ಲು ತುಂಬಿಸಿ ನೆಲಮಟ್ಟದವರೆಗೆ ಭರ್ತಿ ಮಾಡಿಸಿ. 2010ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಮಾಡಿದೆ. ಹೊಲದಲ್ಲಿ ಎರಡೂ ಮನೆಯ ಮಕ್ಕಳು ಆಡುತ್ತಾರೆ, ಇದನ್ನು ಈ ವಾರವೇ ಮಾಡಿಸಿ.

ಬರುವ ಅಮಾವಾಸ್ಯೆಗೆ ಡ್ರಮ್ ತುಂಬಿದ ಹೊತ್ತು ಬರೆದು ಕಳಿಸಿ. ಬೋರಿನ ಆಳ, ಮೋಟರ್ ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದ್ದಾರೆ ಅನ್ನುವುದೂ ಇರಲಿ. ಎರಡೂ ಮನೆಯ ಬೋರಿನದು ಕಳಿಸಿ.